ಉಪವಾಸದವರ ಕೋಳಿ ಸುಕ್ಕ

ಮದುವೆಯ ಕೋಟನ್ನು ಮದುವೆಯಾದ ಮೇಲೆ ಇನ್ನೊಮ್ಮೆ ಹಾಕಿಕೊಳ್ಳುವ ಪ್ರಸಂಗ ಗಂಡಸಿನ ಬಾಳಿನಲ್ಲಿ ಅಪರೂಪ. ಬಂದರೂ ಅಷ್ಟು ಹೊತ್ತಿಗೆ ಕೋಟಿನ ಗುಂಡಿಗೂ ಕಾಜಕ್ಕೂ ಮಾತು ಬಿಟ್ಟುಹೋಗಿರುತ್ತದೆ. ಕಳೆದ ತಿಂಗಳು ನನ್ನನ್ನು ಕಪಾಟು ಒರಸುವ ಕೆಲಸಕ್ಕೆ ಹಚ್ಚಲಾಗಿತ್ತು. ನಿವೃತ್ತರನ್ನು ಇಂಥ ಕೆಲಸಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ, ನಿಮಗೂ ಗೊತ್ತಿರಬಹುದು. ಆಗ ನನ್ನ ಕೋಟು ಕೈಗೆ ಬಂತು. ಒಳಗಿನ ಲೈನಿಂಗ್ ಬಟ್ಟೆಯನ್ನು ಜಿರಲೆ ಒಂದು ಕಡೆ ತಿಂದು ಹಾಕಿತ್ತು. ಹರಿದಲ್ಲಿ ಬೆರಳು ತೂರಿಸಿ ನೋಡಿದರೆ ಒಳಮೈಯಲ್ಲಿ ಸೀಮೆಸುಣ್ಣದಿಂದ ಎಳೆದ ಒಂದು ಪುಟ್ಟ ಶಿಲುಬೆ. ಅಪ್ಪ ಎಳೆದದ್ದು. ಆ ಕೋಟಿಗೆ ಯಾರೂ ನೀರು ಮುಟ್ಟಿಸಿರಲಿಲ್ಲವಾದ್ದರಿಂದ ಅದು ಹಾಗೆಯೇ ಉಳಿದಿತ್ತು.

ನನ್ನ ಅಪ್ಪ ಬೆಳ್ತಂಗಡಿಯಲ್ಲಿ ದರ್ಜಿಯಾಗಿದ್ದರು. ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಅಳತೆಯ ಗೆರೆ ಹಾಕುವ ಮೊದಲು ಮೂಲೆಯಲ್ಲೊಂದು ಸಣ್ಣ ಶಿಲುಬೆ ಎಳೆಯುವುದು ಅವರ ಕ್ರಮ. ಬಟ್ಟೆ ಯಾರದ್ದೆಂದು ಅವರು ನೋಡುತ್ತಿರಲಿಲ್ಲ. ಜೈನ ಹೆಡ್‌ಮಾಸ್ಟರರ ಪ್ಯಾಂಟಿಗೂ ಶಿಲುಬೆ, ಭಟ್ಟರ ಅಂಗಿಗೂ ಶಿಲುಬೆ, ಅಡಿಕೆ ವ್ಯಾಪಾರದ ಮುಸ್ಲಿಂ ಬ್ಯಾರಿಯವರ ಜುಬ್ಬಾಕ್ಕೂ ಶಿಲುಬೆ. ಮೊದಲ ಒಗೆತದ ತನಕ ಬೆಳ್ತಂಗಡಿಯ ಅರ್ಧ ಊರು ತನಗೇ ಗೊತ್ತಿಲ್ಲದೆ ಶಿಲುಬೆ ಹೊತ್ತು ತಿರುಗುತ್ತಿತ್ತು. ಒಮ್ಮೆ ಹೆಡ್‌ಮಾಸ್ಟರರ ಕಣ್ಣಿಗೆ ಬಿತ್ತು. ಪ್ಯಾಂಟಿನ ಸೊಂಟಪಟ್ಟಿ ಮಗುಚಿ ಹಿಡಿದು, "ಇದೇನು ಮಾರಾಯ್ರೇ, ನನ್ನನ್ನೂ ನಿಮ್ಮ ಇಗರ್ಜಿಗೆ ಸೇರಿಸಿದ್ರಾ?" ಎಂದು ಕೇಳಿದರು.

"ಅದು ನಿಮಗಲ್ಲ ಮಾಸ್ಟ್ರೇ, ನನ್ನ ಕತ್ತರಿಗೆ" ಎಂದರು ಅಪ್ಪ. "ಒಮ್ಮೆ ಕತ್ತರಿಸಿದ ಮೇಲೆ ಬಟ್ಟೆ ಪುನಃ ಕೂಡ್ತದಾ? ಅದಕ್ಕೆ ಮೊದಲೇ ಹೇಳಿ ಇಡುವುದು."

ಶಿಲುಬೆ ಎಳೆದ ಬಟ್ಟೆ ಹೇಳಿದ ದಿನಕ್ಕೆ ಸಿಗುತ್ತಿತ್ತು ಎಂದೇನೂ ತಿಳಿಯಬೇಡಿ. ಆ ವಿಷಯದಲ್ಲಿ ಅವರು ಎಲ್ಲ ದರ್ಜಿಗಳ ಹಾಗೆಯೇ. ನಾನು ಶಾಲೆ ಬಿಟ್ಟ ಮೇಲೆ ಅವರ ಮೇಜಿನಡಿ ತುಂಡುಬಟ್ಟೆಯ ರಾಶಿಯಲ್ಲಿ ಮಲಗುತ್ತಿದ್ದೆ. ಹೊಸ ಬಟ್ಟೆಯ ಗಂಜಿಯ ವಾಸನೆ, ಇಸ್ತ್ರಿಪೆಟ್ಟಿಗೆಯ ಕೆಂಡದ ವಾಸನೆ, ಮೆಷಿನಿಗೆ ಬಿಟ್ಟ ಎಣ್ಣೆಯ ವಾಸನೆ ಎಲ್ಲ ಸೇರಿ ನನಗೆ ಒಳ್ಳೆಯ ನಿದ್ದೆ ಬರುತ್ತಿತ್ತು. ಸಂಜೆ ಇಗರ್ಜಿಯ ಗಂಟೆ ಬಾರಿಸಿದ ಕೂಡಲೇ ಮೆಷಿನಿನ ಸದ್ದು ನಿಲ್ಲುತ್ತಿತ್ತು. ನನಗೆ ಎಚ್ಚರವಾಗುತ್ತಿದ್ದದ್ದು ಆ ನಿಶ್ಶಬ್ದದಿಂದ. ಅಪ್ಪ ಎದ್ದು ನಿಂತು ತುಟಿಯಲ್ಲೇ ಏನೋ ಹೇಳುವರು, ಅಂಗಿ ಕೇಳಲು ಬಂದವರೂ ಪಾಪ, ಬೈಗುಳವನ್ನು ಬಾಯಲ್ಲೇ ಇಟ್ಟುಕೊಂಡು ಕಾಯುವರು.

ನಮ್ಮ ಕುಟುಂಬದಲ್ಲಿ ಕೆಲಸಕ್ಕೆ ದೇವರನ್ನು ಹೀಗೆ ಎಳೆದು ತರುವವರು ಬೇರೆಯೂ ಇದ್ದರು. ನನ್ನ ದೊಡ್ಡಪ್ಪನ ಮಗ ವಲ್ಲಿ ಮೂಡುಬಿದಿರೆ ರೂಟಿನಲ್ಲಿ ಖಾಸಗಿ ಬಸ್ಸು ಓಡಿಸುತ್ತಿದ್ದ. ಕನ್ನಡಿಗೆ ಜಪಮಾಲೆ ನೇತುಹಾಕಿ, ಅದನ್ನು ಮುಟ್ಟಿ, ಬೆರಳಿಗೆ ಮುತ್ತು ಕೊಟ್ಟು, ಆಮೇಲೆ ಗೇರು ಹಾಕುವವನು. ಮುಂದಿನದ್ದೆಲ್ಲ ಪ್ರಯಾಣಿಕರಿಗೆ ಬಿಟ್ಟದ್ದು. ಅವನ ಬಸ್ಸಿನಲ್ಲಿ ಕೂತು ದೇವರನ್ನು ನೆನೆಯದವರು ಯಾವ ಜಾತಿಯಲ್ಲಿಯೂ ಇರಲಿಲ್ಲ.

ನನ್ನ ಸಂಗತಿ ಇಷ್ಟು ರಂಗಿನದ್ದಲ್ಲ. ನಾನು ಬಂಟ್ವಾಳದಲ್ಲಿ ಒಂದು ಸರಕಾರಿ ಕಚೇರಿಯ ಗುಮಾಸ್ತನಾಗಿದ್ದೆ. ನಮ್ಮ ಇಗರ್ಜಿಯ ಫಾದರ್ ಒಂದು ಆದಿತ್ಯವಾರ ಪ್ರಸಂಗದಲ್ಲಿ, "ಆದಿತ್ಯವಾರ ನೀವು ದೇವರಲ್ಲಿಗೆ ಬರ್ತೀರಿ, ಸರಿ. ಸೋಮವಾರ ದೇವರು ನಿಮ್ಮಲ್ಲಿಗೆ ಬಂದರೆ ಕೂರಲಿಕ್ಕೆ ಜಾಗ ಉಂಟಾ?" ಎಂದು ಕೇಳಿದರು. ನಾನು ಅದನ್ನು ಮನಸ್ಸಿಗೆ ತೆಗೆದುಕೊಂಡು ಸೋಮವಾರ ಕಚೇರಿಯಲ್ಲಿ ಸುತ್ತಲೂ ನೋಡಿದೆ. ಇದ್ದ ಒಂದೇ ಹೆಚ್ಚಿನ ಕುರ್ಚಿಯ ಮೇಲೆ ಕಡತ ಪೇರಿಸಿತ್ತು. ನನ್ನ ಮೇಜಿನ ಗಾಜಿನಡಿ ಬಾಲಯೇಸುವಿನ ಚಿತ್ರ ಇತ್ತು ನಿಜ, ಆದರೆ ಅದರ ಮೇಲೂ ಕಡತ. ಹಾಗಾಗಿ ನಮ್ಮಿಬ್ಬರ ಭೇಟಿ ಅಪರೂಪವೇ. ಲಂಚ ಮುಟ್ಟಲಿಲ್ಲ ಎಂದು ನಾನು ಹೇಳಿಕೊಳ್ಳಬಹುದು. ಆದರೆ ಯಾರಿಗಾದರೂ ಲಂಚ ಕೊಡಬೇಕೆನ್ನಿಸುವಂಥ ಕಾಗದ ನನ್ನ ಮೇಜಿಗೆ ಬರುತ್ತಿರಲಿಲ್ಲ ಎಂಬುದೂ ಅಷ್ಟೇ ಸತ್ಯ. ಕೆಲಸ ಮಾಡಿದೆ, ಪಿಂಚಣಿ ಬರುತ್ತದೆ, ಯಾರಿಗೂ ನೋವಾಗಿಲ್ಲ.

ಇನ್ನು ನನ್ನ ಹೆಂಡತಿ ಲೂಸಿಯ ವಿಷಯ. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದು ಅಲ್ಲಿಗೇ ಎಂದು ಈಗ ಅನ್ನಿಸುತ್ತದೆ. ಲೂಸಿ ಅಡುಗೆಯ ಆರ್ಡರ್ ಹಿಡಿಯುವವಳು. ನರಿಕೊಂಬಿನ ನಮ್ಮ ಮನೆಯ ಹಿತ್ತಿಲಲ್ಲಿ ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿ ಮಾಡಿ ಕೊಡುವುದರಿಂದ ಸುರುವಾದದ್ದು, ಈಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮದುವೆ ಹಾಲುಗಳ ತನಕ ಹೋಗಿದೆ. ಒಂದು ವ್ಯಾನು ಉಂಟು, ದೊಡ್ಡ ದೊಡ್ಡ ಪಾತ್ರೆಗಳು ಉಂಟು, ಬೆನ್ನ ಮತ್ತು ಫ್ಲಾವಿ ಎಂಬ ನಡುವಯಸ್ಸಿನ ಗಂಡಹೆಂಡತಿ ಸಹಾಯಕ್ಕೆ ಉಂಟು. ನಿವೃತ್ತನಾದ ಮೇಲೆ ವ್ಯಾನು ಬಿಡುವವನು ನಾನು. ಊರಿನಲ್ಲಿ ನನಗೆ ಈಗ ಹೆಸರಿಲ್ಲ. ಲೂಸಿ ಬಾಯಿಯ ಗಂಡ, ಅಷ್ಟೆ.

ಈ ಕೆಲಸದ ಸುರುವಿನ ದಿನಗಳಲ್ಲಿ ಪಾಣೆಮಂಗಳೂರಿನ ಕಡೆ ಒಂದು ಮನೆಯೊಕ್ಕಲಿಗೆ ಅಡುಗೆ ಮಾಡುತ್ತಿದ್ದಾಗ ಗ್ಯಾಸಿನ ಪೈಪಿಗೆ ಬೆಂಕಿ ಹಿಡಿಯಿತು. ಮೇಲೆ ಕಟ್ಟಿದ ಟಾರ್ಪಾಲು ಭಗ್ ಎಂದು ಉರಿದುಹೋಯಿತು. ಯಾರಿಗೂ ಒಂದು ಬೊಬ್ಬೆಯೂ ಏಳಲಿಲ್ಲ. ಆ ದಿನ ಲೂಸಿ ಒಂದು ಹರಕೆ ಹೇಳಿಕೊಂಡಳು. ಈಸ್ಟರಿಗೆ ಮೊದಲು ನಮಗೆ ನಲವತ್ತು ದಿನದ ಉಪವಾಸಕಾಲ ಬರುತ್ತದಲ್ಲ, ಕೊಂಕಣಿಯಲ್ಲಿ ನಾವು ಕರೆಜ್ಮ್ ಅನ್ನುವುದು, ಆ ಪೂರ್ತಿ ಕಾಲ ಮೀನು ಮಾಂಸ ತನ್ನ ನಾಲಗೆಗೆ ಮುಟ್ಟಿಸುವುದಿಲ್ಲ ಎಂದು.

ಇದರಲ್ಲೇನು ದೊಡ್ಡದು, ಎಷ್ಟೋ ಮನೆಗಳಲ್ಲಿ ಹಾಗೆ ಮಾಡುತ್ತಾರೆ ಎಂದು ನೀವು ಹೇಳಬಹುದು. ಮಾಡುತ್ತಾರೆ. ಆದರೆ ಅವರು ಬಸಳೆ ಸಾರು ಉಂಡು ಸುಮ್ಮನೆ ಕೂತಿರುತ್ತಾರೆ. ಕರೆಜ್ಮಿನಲ್ಲಿ ನಮ್ಮವರ ಮದುವೆ ಇಲ್ಲ, ಆದರೆ ಊರಿನ ಉಳಿದವರಿಗೆಲ್ಲ ಅದೇ ಹೊತ್ತಿಗೆ ಮದುವೆಯ ಭರಾಟೆ. ಶೆಟ್ಟರ ಮನೆಯ ಮದರಂಗಿ, ಪೂಜಾರಿಯವರ ಮನೆಯ ಬೀಗರೂಟ, ಎಲ್ಲ ಕಡೆಯೂ ಕೋಳಿ, ಕುರಿ, ಮೀನು. ಬಾಯಿ ಕಟ್ಟಿದವಳು ಇಡೀ ಊರಿಗೆ ಮಾಂಸ ಬೇಯಿಸಬೇಕು. ಇಗರ್ಜಿಯಲ್ಲಿ ಶುಕ್ರವಾರಗಳಂದು ಶಿಲುಬೆಯ ಹಾದಿಯ ಪ್ರಾರ್ಥನೆ ನಡೆಯುವಾಗ ಲೂಸಿ ಎಲ್ಲೋ ಒಂದು ಹಾಲಿನ ಹಿಂದೆ ಮಸಾಲೆ ಹುರಿಯುತ್ತಿರುತ್ತಾಳೆ. "ನನಗೆ ಕರೆಜ್ಮ್ ಅಂತ ಇರುವುದು ಈ ಒಂದು ಹರಕೆ ಮಾತ್ರ" ಎನ್ನುತ್ತಿದ್ದಳು. "ಇದೂ ಹೋದರೆ ನಾನು ಬರೀ ಅಡುಗೆಯವಳು."

ಹಾಗಾದರೆ ಉಪ್ಪು ನೋಡುವವರು ಯಾರು? ಬೆನ್ನ ಮತ್ತು ಫ್ಲಾವಿಯೂ ಕರೆಜ್ಮ್ ಹಿಡಿಯುವವರೇ. ನಾನೂ ಹಿಡಿಯುತ್ತೇನೆ. ಹಿಡಿಯದಿದ್ದರೂ ಪ್ರಯೋಜನವಿಲ್ಲ. ರಕ್ತದೊತ್ತಡಕ್ಕೆಂದು ಡಾಕ್ಟರು ನನಗೆ ಉಪ್ಪು ಕಡಿಮೆ ಮಾಡಿಸಿದ ಮೇಲೆ ಲೂಸಿ ನನ್ನ ನಾಲಗೆಯನ್ನು ಸೇವೆಯಿಂದ ಬಿಡುಗಡೆ ಮಾಡಿದ್ದಾಳೆ. ಆದ್ದರಿಂದ ನೆರೆಮನೆಯ ಕುಸುಮಕ್ಕ. ಕುಸುಮಕ್ಕ ತುಳು ಮಾತಾಡುವ ಹಿಂದೂ ಹೆಂಗಸು, ತುಳುವರು ಕ್ರಿಸ್ತುವರನ್ನು ಕರೆಯುವ ಹಾಗೆ ನನ್ನನ್ನು ಪೊರ್ಬುಗಳು, ಲೂಸಿಯನ್ನು ಬಾಯಮ್ಮ ಎನ್ನುವವರು. ಕರೆಜ್ಮಿನ ಕಾಲದಲ್ಲಿ ನಮ್ಮ ವ್ಯಾನು ಅವರ ಗೇಟಿನೆದುರು ನಿಂತು ಹಾರ್ನ್ ಹಾಕುತ್ತದೆ, ಅವರು ಸೀರೆ ಸರಿಮಾಡಿಕೊಂಡು ಮುಂದಿನ ಸೀಟಿಗೆ ಹತ್ತುತ್ತಾರೆ. ದಾರಿಯುದ್ದಕ್ಕೂ ಊರಿನ ಸುದ್ದಿ. ಅಲ್ಲಿ ಒಂದಿಷ್ಟು ನೀರುಳ್ಳಿ ಹೆಚ್ಚಿ, ಕೊನೆಗೆ ಅಂಗೈಗೆ ಒಂದು ತೊಟ್ಟು ಸಾರು ಹಾಕಿಸಿಕೊಂಡು, ಕಣ್ಣು ಮುಚ್ಚಿ ನೆಕ್ಕಿ ಹೇಳುವುದು ಎರಡೇ ಮಾತು. "ಆಯ್ತು" ಇಲ್ಲವೇ "ಬೇಕು". ಹೀಗೆ ಹಿಂದೂ ನಾಲಗೆಯ ಆಧಾರದಲ್ಲಿ ನಮ್ಮ ಕರೆಜ್ಮ್ ವರ್ಷವರ್ಷವೂ ದಾಟುತ್ತಿತ್ತು.

ಹಿಂದಿನ ವರ್ಷ ಕರೆಜ್ಮಿನಲ್ಲಿ ಮೂಡುಬಿದಿರೆಯ ಒಂದು ಹಾಲಿನಲ್ಲಿ ಶೆಟ್ಟರೊಬ್ಬರ ಮಗಳ ಮದರಂಗಿ. ದೊಡ್ಡ ಆರ್ಡರ್. ಶೆಟ್ಟರು ಮುಂಬಯಿಯಲ್ಲಿ ಹೋಟೆಲು ನಡೆಸಿದವರು, ಅವರ ನೆಂಟರಲ್ಲಿಯೂ ಅರ್ಧ ಜನ ಹೋಟೆಲಿನವರೇ. ಅಂಥವರಿಗೆ ಉಣ್ಣಿಸುವುದೆಂದರೆ ದರ್ಜಿಗಳ ಸಂಘಕ್ಕೆ ಅಂಗಿ ಹೊಲಿದು ಕೊಟ್ಟ ಹಾಗೆ. ಲೂಸಿ ಬೆಳಿಗ್ಗೆಯಿಂದ ಯಾರ ಹತ್ತಿರವೂ ನೆಟ್ಟಗೆ ಮಾತಾಡಿರಲಿಲ್ಲ.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಹುರಿದ ಕಾಯಿತುರಿಯ ಕೋಳಿ ಸುಕ್ಕ ಒಲೆಯ ಮೇಲೆ ಹದಕ್ಕೆ ಬಂದಿತ್ತು. ಲೂಸಿ ಹೊರಗಡೆ ಮೀನಿನವನ ಹತ್ತಿರ ಜಗಳ ಮುಗಿಸಿ ಒಳಗೆ ಬಂದು, "ಸುಕ್ಕಕ್ಕೆ ಉಪ್ಪು ಹಾಕಿದ್ದು ಯಾರು?" ಎಂದು ಕೇಳಿದಳು.

"ನಾನು ಹಾಕಿದೆ" ಎಂದ ಬೆನ್ನ.

"ನಾನಲ್ವಾ ಹಾಕಿದ್ದು?" ಎಂದಳು ಫ್ಲಾವಿ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಫ್ಲಾವಿ ಹಾಕಿದ್ದು ಇದೇ ಪಾತ್ರೆಗೋ ಪಕ್ಕದ ಕುರಿಮಾಂಸದ ಪಾತ್ರೆಗೋ ಎಂದು ಅವಳಿಗೇ ಈಗ ಸಂಶಯ. ಲೂಸಿ ಒಂದು ಸೌಟು ತೆಗೆದು ಕುಸುಮಕ್ಕನ ಕಡೆಗೆ ತಿರುಗಿದಳು. "ಕುಸುಮಕ್ಕಾ, ಸ್ವಲ್ಪ ಉಪ್ಪು ನೋಡಿ."

ಕುಸುಮಕ್ಕ ಹಾವು ಕಂಡವರಂತೆ ಹಿಂದೆ ಸರಿದರು. "ಎಂಕ್ ಆಪುಜಿ ಬಾಯಮ್ಮ, ನನಗಾಗುವುದಿಲ್ಲ. ಶುಕ್ರವಾರ ನಮ್ಮ ಕುಟುಂಬದ ಮನೆಯಲ್ಲಿ ದೈವದ ನೇಮೋತ್ಸವ ಉಂಟು. ನೇಮ ಮುಗಿಯುವ ತನಕ ನನಗೆ ಮೀನು ಮಾಂಸ ಆಗುವುದಿಲ್ಲ."

"ದೇವರೇ! ಮತ್ತೆ ಬಂದದ್ದು ಯಾಕೆ?"

"ಪೊರ್ಬುಗಳು ಬಂದು ಹಾರ್ನ್ ಹಾಕಿದ್ರು, ಹತ್ತಿದೆ. ಬೆನ್ನನಿಗೆ ಮೊನ್ನೆಯೇ ಹೇಳಿದ್ದೇನೆ. ಇವತ್ತು ಸಸ್ಯಾಹಾರ ಇರಬೇಕು, ನೀರುಳ್ಳಿಗೆ ಮಾತ್ರ ಕರೆದದ್ದು ಅಂತ ನಾನು ಗ್ರಹಿಸಿದೆ."

ಬೆನ್ನ ತಲೆ ಕೆರೆದುಕೊಂಡ. "ನೇಮ ಉಂಟು ಅಂತ ಹೇಳಿದ್ರು ಬಾಯಿ. ನಾನು, ಊಟಕ್ಕೆ ಕರೀತಿದ್ದಾರೆ ಅಂತ ಎಣಿಸಿದೆ."

ಅಡುಗೆಮನೆಯಲ್ಲಿ ನಾವು ಐದು ಮಂದಿ. ಒಲೆಯ ಮೇಲೆ ಇಡೀ ಹಾಲಿಗಾಗುವಷ್ಟು ಕೋಳಿ. ತಿನ್ನುವವರು ಒಬ್ಬರೂ ಇಲ್ಲ. ನನಗೆ ನಗು ಬಂತು, ಆದರೆ ಲೂಸಿಯ ಮುಖ ನೋಡಿ ಅದನ್ನು ಕೆಮ್ಮಾಗಿ ಬದಲಾಯಿಸಿಕೊಂಡೆ.

"ನಾನು ನೋಡ್ತೇನೆ" ಎಂದೆ.

"ನಿಮಗೆ ಗಂಜಿಯೂ ಉಪ್ಪುಪ್ಪಾಗ್ತದೆ. ಸುಮ್ಮನಿರಿ."

ಹಾಲಿನ ಕಾವಲುಗಾರನನ್ನು ಕರೆಯುವ ಎಂದೆ. ಅವನು ಜೈನ, ನೀರುಳ್ಳಿ ಹೆಚ್ಚುವಾಗಲೇ ಮೂಗು ಮುಚ್ಚಿಕೊಂಡು ಗೇಟಿಗೆ ಹೋಗಿ ಕೂತಿದ್ದ. ಬಸ್‌ಸ್ಟ್ಯಾಂಡಿನಿಂದ ಯಾರನ್ನಾದರೂ ಕರೆದುಕೊಂಡು ಬರುತ್ತೇನೆ ಎಂದೆ. "ಏನಂತ ಕರೀತೀರಿ? ಉಪ್ಪು ನೋಡಲಿಕ್ಕೆ ಬನ್ನಿ ಅಂತಲಾ?" ಎಂದಳು ಲೂಸಿ. ಶೆಟ್ಟರ ಕಡೆಯವರನ್ನೇ ಕೇಳುವುದಂತೂ ಆಗದ ಮಾತು. ಉಪ್ಪು ನೋಡಲು ಮನೆಯವರನ್ನು ಕರೆದ ಅಡುಗೆಯವಳ ಕಥೆ ಕಾರ್ಕಳದ ತನಕ ಹೋಗುತ್ತದೆ.

ಬೆನ್ನ ಮುಂದೆ ಬಂದ. "ತಪ್ಪು ನನ್ನದು ಬಾಯಿ. ನಾನೇ ನೋಡ್ತೇನೆ. ಒಂದು ದಿನ ಮುರಿದರೆ ಏನಾಗ್ತದೆ?"

ಕುಸುಮಕ್ಕನಿಗೂ ಮನಸ್ಸು ತಡೆಯಲಿಲ್ಲ. "ಇಲ್ಲದಿದ್ದರೆ ನಾನೇ ನೋಡುವ. ದೈವಕ್ಕೆ ತಪ್ಪುಕಾಣಿಕೆ ಹಾಕಿದರಾಯ್ತು" ಎಂದರು.

ಲೂಸಿ ಇಬ್ಬರನ್ನೂ ನೋಡಿದಳು. "ಬೇಡ" ಎಂದಳು. "ನನ್ನ ಹರಕೆ ಉಳಿಸಲಿಕ್ಕೆ ನಿಮ್ಮದು ಮುರಿಸುವುದಾ? ಅದೆಂಥ ಹರಕೆ ಮತ್ತೆ?"

ಆಮೇಲೆ ಅವಳು ಸೌಟು ಕೆಳಗಿಟ್ಟು, ಸೆರಗಿಗೆ ಕೈ ಒರಸಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಒಂದು ಚಮಚದಲ್ಲಿ ಸುಕ್ಕ ತೆಗೆದು ಊದಿ ಬಾಯಿಗೆ ಹಾಕಿಕೊಂಡಳು. ಕುಸುಮಕ್ಕ ಮುಖ ಆಚೆ ತಿರುಗಿಸಿದರು. ಇಷ್ಟು ವರ್ಷದಲ್ಲಿ ಕರೆಜ್ಮಿನ ಹೊತ್ತಿಗೆ ಅವಳ ಬಾಯಿ ಹಾಗೆ ಆಡುವುದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಬೇಸರವಾಯಿತು. ಯಾರ ಮೇಲೆ ಸಿಟ್ಟು ಮಾಡುವುದೆಂದು ಗೊತ್ತಾಗದ ಬೇಸರ.

"ಇಬ್ಬರೂ ಇದಕ್ಕೇ ಹಾಕಿದ್ದೀರಿ" ಎಂದಳು. "ಕುರಿಗೆ ಅಳತೆಯ ಉಪ್ಪು ಹಾಕಿ. ತೆಂಗಿನಕಾಯಿ ಒಡೀರಿ."

ಮುಂದಿನದ್ದು ಓಡಾಟ. ಬೆನ್ನ ಕಾಯಿ ಒಡೆದ, ಕುಸುಮಕ್ಕ ಮತ್ತು ಫ್ಲಾವಿ ತುರಿದರು, ಉಪ್ಪಿಲ್ಲದೆ ಹುರಿದ ಕಾಯಿತುರಿ ಬಾಣಲೆ ಬಾಣಲೆಯಾಗಿ ಪಾತ್ರೆಗೆ ಬಿತ್ತು. ಉಪ್ಪು ಹಾಕದೆ ಬೇಯಿಸಿದ ಇನ್ನಷ್ಟು ಕೋಳಿಯೂ ಸೇರಿತು. ಲೂಸಿ ಕಲಸಿ, ಮುಚ್ಚಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಎರಡನೆಯ ಚಮಚ ಬಾಯಿಗೆ ಹಾಕಿಕೊಂಡಳು. ತಲೆ ಅಲ್ಲಾಡಿಸಿದಳು. ಸರಿಯಾಗಿತ್ತು. ನಾವೆಲ್ಲ ಉಸಿರು ಬಿಟ್ಟೆವು. ಬೆನ್ನ ಒಲೆ ಆರಿಸಲು ಹೋದ, ಕುಸುಮಕ್ಕ ಕೈ ತೊಳೆಯಲು ಹೋದರು. ನಾನು ಬಡಿಸುವ ಪಾತ್ರೆ ತರಲು ತಿರುಗಿದವನು ಯಾಕೋ ಹಿಂದೆ ನೋಡಿದೆ. ಲೂಸಿ ಒಬ್ಬಳೇ ಪಾತ್ರೆಯ ಮುಂದೆ ನಿಂತು ಇನ್ನೊಂದು ಚಮಚ ತಿನ್ನುತ್ತಿದ್ದಳು. ನಿಧಾನವಾಗಿ, ಕಣ್ಣು ಮುಚ್ಚಿಕೊಂಡು. ನಾನು ಪಾತ್ರೆ ತರಲು ಹೋದೆ.

ಊಟವಾದ ಮೇಲೆ ಶೆಟ್ಟರು ಹಿಂದಿನ ಬಾಗಿಲಿಗೆ ಬಂದರು. "ಬಾಯಮ್ಮ, ನಾನು ಬಾಂಬೆಯಲ್ಲಿ ಎಷ್ಟೋ ಕಡೆ ತಿಂದಿದ್ದೇನೆ. ಸುಕ್ಕ ಅಂದ್ರೆ ಇವತ್ತಿನದ್ದು ಮಾರಾಯ್ರೇ" ಎಂದರು. ಯಾರಾದರೂ ಹೊಗಳಿದರೆ ಲೂಸಿ, ದೇವರು ಒಳ್ಳೆಯದು ಮಾಡಲಿ ಎಂದು ಕೊಂಕಣಿಯಲ್ಲಿಯೇ ಹೇಳುವುದು. ನಮ್ಮ ಭಾಷೆಯಲ್ಲಿ ಉಪಕಾರ ಸ್ಮರಣೆಗೆ ಇರುವ ಮಾತೇ ಅದು. ಆ ದಿನ ಅವಳು ಬರೀ ತಲೆ ತಗ್ಗಿಸಿದಳು. ಮನೆಗೆ ಬರುವಾಗ ವ್ಯಾನು ಸಿದ್ಧಕಟ್ಟೆ ದಾಟಿತು. ಆಮೇಲೆ ಕುಸುಮಕ್ಕ ತಾವಾಗಿಯೇ, "ದೇವರಿಗೆ ಗೊತ್ತಾಗ್ತದೆ ಬಾಯಮ್ಮ, ಅವನೇನು ಮೀನಿನವನಾ ಲೆಕ್ಕ ಹಿಡಿದು ಕೂತುಕೊಳ್ಳಲಿಕ್ಕೆ?" ಎಂದರು. ಲೂಸಿ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಆ ಶನಿವಾರ ಸಂಜೆ ಇಗರ್ಜಿಯಲ್ಲಿ ಪಾಪನಿವೇದನೆ ಇತ್ತು. ಈಸ್ಟರಿಗೆ ಮೊದಲು ಎಲ್ಲರೂ ಹೋಗುವುದರಿಂದ ಸಾಲು ಉದ್ದ. ಗೋಡೆಯ ಬದಿಯಲ್ಲಿ ಮರದ ಗೂಡು, ಅದರೊಳಗೆ ಫಾದರ್, ಬದಿಯಲ್ಲಿ ತೂತುಗಳ ಜಾಲಿ. ನಾವು ಹೊರಗೆ ಮೊಣಕಾಲೂರಿ ಜಾಲಿಗೆ ಬಾಯಿ ಇಟ್ಟು ಹೇಳಬೇಕು. ಲೂಸಿ ನನಗಿಂತ ಮುಂದೆ ಇದ್ದಳು. ಅವಳ ಸರದಿ ಬಂತು. ಬೇರೆಯವರು ಹೋಗಿ ಬರುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ನನ್ನ ಹಿಂದಿನವರು ಕಾಲು ಬದಲಿಸತೊಡಗಿದರು. ಅಷ್ಟರಲ್ಲಿ ಗೂಡಿನೊಳಗಿನಿಂದ ನಗು ಕೇಳಿಸಿತು. ತಡೆಯಲು ನೋಡಿ ತಡೆಯಲಾಗದ ನಗು. ಸಾಲಿನಲ್ಲಿದ್ದವರೆಲ್ಲ ತಲೆಯೆತ್ತಿದರು. ನಮ್ಮ ಫಾದರ್ ಮದುವೆಯ ಊಟದಲ್ಲಿಯೂ ಅಳತೆಯಲ್ಲಿ ನಗುವವರು.

ಲೂಸಿ ಎದ್ದು ಬಂದಳು. ಮುಖ ಕೆಂಪಾಗಿತ್ತು.

"ಏನಾಯ್ತು?" ಎಂದು ಪಿಸುಗುಟ್ಟಿದೆ.

"ನಕ್ಕರು" ಎಂದಳು. ಅಳುವುದೋ ಬೈಯುವುದೋ ಅವಳಿಗೇ ತಿಳಿದಿರಲಿಲ್ಲ. "ಒಂದನೇ ಚಮಚ ಶೆಟ್ರಿಗಾಗಿ ತಿಂದೆ, ಎರಡನೇದು ಅವರ ನೆಂಟರಿಗಾಗಿ ಅಂತ ಹೇಳಿದೆ. ಅದು ಪಾಪ ಅಲ್ಲ ಲೂಸಿ ಬಾಯಿ, ಅದು ನಿಮ್ಮ ಕೆಲಸ, ಹರಕೆ ಎಲ್ಲಿಗೂ ಹೋಗಲಿಲ್ಲ ಅಂದ್ರು. ನನಗೆ ಜೀವ ಬಂತು. ಆದರೆ ಹೇಳದಿದ್ದರೆ ಆಗ್ತದಾ? ಮೂರನೇದೂ ಉಂಟು ಫಾದರ್ ಅಂದೆ. ಅದು ಯಾರಿಗಾಗಿ ಅಂತ ಕೇಳಿದ್ರು. ಯಾರಿಗಾಗಿಯೂ ಅಲ್ಲ, ಅಷ್ಟು ಒಳ್ಳೇದಾಗಿತ್ತು ಅಂದೆ. ನಕ್ಕರು. ಪ್ರಾಯಶ್ಚಿತ್ತಕ್ಕೆ ಒಂದೇ ಒಂದು ನಮಾನ್ ಮೊರಿಯೆ ಜಪ ಹೇಳಿ ಅಂದ್ರು. ಒಂದು ಸಾಕಾಗ್ತದಾ? ನಾನು ಪೂರ್ತಿ ಜಪಸರ ಹೇಳ್ತೇನೆ." ಹೀಗೆ ಹೇಳಿ ಅವಳು ಎದುರಿನ ಬೆಂಚಿಗೆ ಹೋಗಿ ಮೊಣಕಾಲೂರಿದಳು.

ಮುಂದಿನ ಸರದಿ ನನ್ನದು. ಜಾಲಿಯ ಆಚೆ ಫಾದರರ ದನಿಯಲ್ಲಿ ನಗು ಇನ್ನೂ ಪೂರ್ತಿ ಆರಿರಲಿಲ್ಲ. ನಾನು ನನ್ನ ಮಾಮೂಲಿ ಪಾಪಗಳನ್ನು ಕಚೇರಿಯಲ್ಲಿ ಕಡತ ಓದುತ್ತಿದ್ದ ದನಿಯಲ್ಲಿಯೇ ಒಪ್ಪಿಸಿದೆ. ಸಿಟ್ಟು, ಸೋಮಾರಿತನ, ಪೂಜೆಯ ನಡುವೆ ತೂಕಡಿಕೆ. "ಮತ್ತೇನಾದರೂ ಉಂಟಾ?" ಎಂದು ಕೇಳಿದರು ಫಾದರ್. ಇಲ್ಲ ಅನ್ನಬೇಕೆಂದಿದ್ದೆ. ಆದರೆ ನನ್ನ ಇಡೀ ಸರ್ವೀಸು ಕಣ್ಣ ಮುಂದೆ ಬಂದು ನಿಂತಿತು. ಕೆಲಸ ಮುಗಿದ ಮೇಲೂ, ಬೇಕಿಲ್ಲದಿದ್ದರೂ, ಬರೀ ಚೆನ್ನಾಗಿ ಆಗಿದೆ ಎಂಬ ಖುಷಿಗೆ ಇನ್ನೊಮ್ಮೆ ತೆರೆದು ನೋಡಿದ ಕಾಗದ ಒಂದಾದರೂ ಇದೆಯೇ ಎಂದು ಹುಡುಕಿದೆ. ಸಿಗಲಿಲ್ಲ.

"ಹೊಟ್ಟೆಕಿಚ್ಚು ಉಂಟು ಫಾದರ್" ಎಂದೆ.

"ಯಾರ ಮೇಲೆ?"

"ಈಗ ಎದ್ದು ಹೋದವಳ ಮೇಲೆ."

ಈ ಸಲ ಫಾದರ್ ನಗಲಿಲ್ಲ.